ತಿಪ್ಪೆ ಪಕ್ಕದ ಎರಡು ಗಿಡ

ನಮ್ಮ ರಮೇಶ್‌ಬಾಬುಗೆ ಓದಿದ ಓದಿಗೆ ತಕ್ಕ ಕೆಲಸ ಸಿಗಲಿಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಯಾಕೆ ಸಿಗಲಿಲ್ಲ ಎಂದೂ ಅವರೇ ಹೇಳುತ್ತಾರೆ. ಅವರು ಹೇಳುವುದು ಸುಳ್ಳು. ನಿಜ ನನಗೆ ಗೊತ್ತು, ತಪ್ಪು ನನ್ನದು. ಹಿಂದಿನ ಬೀದಿಯ ಜ್ಯೋತಿಲಕ್ಷ್ಮಿ ಬಿಎಡ್ ಓದಿದ ಹುಡುಗಿ. ನಾನು ಹೇಳುತ್ತಾ ಹೋಗುವುದನ್ನು ಪುಸ್ತಕದಲ್ಲಿರುವ ಹಾಗೆ ತಿದ್ದಿ ಬರೆಯುತ್ತೇನೆ ಎಂದಿದ್ದಾಳೆ. ತಿದ್ದಿಕೋ ತಾಯಿ, ಆದರೆ ಜನ ಆಡಿದ ಮಾತಿಗೆ ಮಾತ್ರ ಕೈ ಹಾಕಬೇಡ ಎಂದಿದ್ದೇನೆ.

ರಮೇಶ್‌ಬಾಬು ನನ್ನ ಮೊಮ್ಮಗ. ನನ್ನ ಮಗ ವೆಂಕಟರಾಮಪ್ಪ, ಸೊಸೆ ಮಾಲಾ, ಇವರಿಗೆ ಒಬ್ಬನೇ ಮಗ. ನಮ್ಮ ಊರು ಜಂಗಮಕೋಟೆಯಿಂದ ಎರಡು ಮೈಲಿ. ಹಿಪ್ಪುನೇರಳೆ ತೋಟ, ಒಂದು ಹುಳು ಮನೆ, ನಾಲ್ಕು ಸೀಮೆ ಹಸು, ಇಷ್ಟು ನಮ್ಮ ಬದುಕು.

ಹುಳು ಸಾಕುವ ಮನೆಯ ಮಡಿ ಏನು ಎಂದು ಮೊದಲು ಹೇಳಿಬಿಡುತ್ತೇನೆ. ರೇಷ್ಮೆ ಹುಳುವಿಗೆ ಹೊಗೆಸೊಪ್ಪು ಎಂದರೆ ವಿಷ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿ ಹಾಕಿದರೂ ಹುಳು ತಲೆ ಎತ್ತಿಕೊಂಡು ಹಸಿರು ಕಕ್ಕಿ ಸಾಯುತ್ತದೆ. ನಾನು ಮದುವೆಯಾಗಿ ಬಂದ ವರ್ಷ ನಮ್ಮ ಮನೆಯವರು ಕದ್ದು ಒಂದು ಬೀಡಿ ಸೇದಿ ಬಂದು ತಟ್ಟೆಗೆ ಕೈ ಹಾಕಿದರು. ಅರ್ಧ ಬೆಳೆ ಹೋಯಿತು. ನಮ್ಮತ್ತೆ ಹೆತ್ತ ಮಗನಿಗೇ ಮೂರು ದಿನ ಮುದ್ದೆ ಇಕ್ಕಲಿಲ್ಲ. ನಾನು ಹೊಸ ಸೊಸೆ, ಸೆರಗಲ್ಲಿ ಹುರಿಗಡಲೆ ಕಟ್ಟಿಕೊಂಡು ಹೋಗಿ ಬಾವಿ ಹತ್ತಿರ ಕೊಟ್ಟು ಬರುತ್ತಿದ್ದೆ. ಅದು ಬೇರೆ ಕಥೆ. ಆಮೇಲೆ ನಮ್ಮ ಮನೆಯಲ್ಲಿ ಕಡ್ಡಿ ಗೀಚಿದ್ದು ಒಲೆಗೆ ಮತ್ತು ದೇವರ ದೀಪಕ್ಕೆ ಮಾತ್ರ. ರಮೇಶ್‌ಬಾಬು ಅಂಥ ಮನೆಯಲ್ಲಿ ಹುಟ್ಟಿದವನು. ಇವತ್ತಿನವರೆಗೆ ಒಂದು ಸಿಗರೇಟು ತುಟಿಗೆ ಇಟ್ಟವನಲ್ಲ.

ಅವನ ಜೀವ ಇದ್ದದ್ದು ಕೊಟ್ಟಿಗೆಯಲ್ಲಿ. ಎಂಟನೇ ಕ್ಲಾಸಿನಲ್ಲೇ ಹಸು ಕೂಗುವ ಕೂಗಿನಲ್ಲಿ ಅದಕ್ಕೆ ಹಸಿವೋ, ಬೆದೆಯೋ, ಹೊಟ್ಟೆನೋವೋ ಹೇಳುತ್ತಿದ್ದ. ಮೇಷ್ಟರು ದನದ ಡಾಕ್ಟರ್ ಆಗು ಎಂದರು. ಅಷ್ಟು ಮಾರ್ಕ್ಸು ಬರಲಿಲ್ಲ. ಪಶುಸಂಗೋಪನೆ ಡಿಪ್ಲೊಮಾ ಎಂದು ಎರಡು ವರ್ಷದ ಓದು ಇದೆಯಂತೆ, ಅದಕ್ಕೆ ಸೇರಿದ. ಮುಗಿಸಿದರೆ ದನದ ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಕೆಲಸ. ಬೇರೆ ಯಾವ ಆಸೆಯೂ ಅವನಿಗೆ ಇರಲಿಲ್ಲ.

ಈಗ ಗಿಡದ ವಿಷಯ.

ನಮ್ಮತ್ತೆ ಕಾಲದಿಂದ ನಮ್ಮ ತಿಪ್ಪೆ ಪಕ್ಕದಲ್ಲಿ ಎರಡು ಬಂಗಿ ಗಿಡ ಇರುತ್ತಿದ್ದವು. ದನ ಮೆಲುಕು ಹಾಕದೆ ನಿಂತರೆ, ಕರು ನೀರಿನ ಹಾಗೆ ಉಚ್ಚಿಕೊಂಡರೆ, ಒಂದು ಹಿಡಿ ಸೊಪ್ಪು ಅರೆದು ಬೆಲ್ಲ ಮಜ್ಜಿಗೆಯಲ್ಲಿ ಕದಡಿ ಬಿದಿರಿನ ಗೊಟ್ಟದಲ್ಲಿ ಕುಡಿಸುವುದು. ಸಂಜೆಯೊಳಗೆ ದನ ಎದ್ದು ನಿಲ್ಲುತ್ತಿತ್ತು. ಒಂದು ಒಣಗಿದರೆ ಅದರ ಬೀಜದಿಂದ ಇನ್ನೊಂದು. ಬಾಗಿಲಲ್ಲಿ ತುಳಸಿ ಇದ್ದ ಹಾಗೆ ತಿಪ್ಪೆಯಲ್ಲಿ ಬಂಗಿ. ರಮೇಶ್‌ಬಾಬು ಓದುವುದಕ್ಕೆ ಹೋದ ಮೇಲೆ ಊರಿಗೆ ಬಂದಾಗಲೆಲ್ಲ ನನ್ನ ಜೊತೆ ಜಗಳ.

"ಅಜ್ಜಿ, ಅದನ್ನ ಕಿತ್ತಾಕು ಅಂತ ಎಷ್ಟು ಸಲ ಹೇಳ್ಲಿ? ಅದು ಗಾಂಜಾ ಕಣಜ್ಜಿ."

"ಬಂಗಿ ಕಣೋ. ನಮ್ಮತ್ತೆ ಕಾಲದ್ದು."

"ಪೊಲೀಸ್ರಿಗೆ ನಿಮ್ಮತ್ತೆ ಪರಿಚಯ ಇಲ್ಲ."

"ಸೂಜಿ ಮದ್ದು ಕಲ್ತ್ಬಿಟ್ಟೆ ಅಂತ ಸೊಪ್ಪಿನ ಮದ್ದು ಬೇಡ್ವೇನೋ ನಿಂಗೆ?"

"ಬೇಡ. ಕೀಳ್ತೀಯೋ, ನಾನೇ ಕೀಳ್ಲೋ?"

"ಈ ಕರು ಒಂದು ಸುಧಾರ್ಸ್ಕೊಳ್ಳಲಿ ತಡಿ, ನಾನೇ ಕೀಳ್ತೀನಿ."

ಆ ಕರು ಸುಧಾರಿಸಿಕೊಂಡಿತು. ನಾನು ಕೀಳಲಿಲ್ಲ. ಗುಣವುಳ್ಳ ಗಿಡ, ಎಷ್ಟೋ ದನ ಉಳಿಸಿದ್ದು. ಕೈ ಬರಲಿಲ್ಲ ಅಷ್ಟೇ.

ಇನ್ನೊಂದು ಕೆಲಸ ಮಾಡಿದ್ದೆ. ಆ ತಿಪ್ಪೆ ಇರುವ ಹತ್ತು ಗುಂಟೆ ಜಾಗ ನಮ್ಮಪ್ಪ ನನ್ನ ಅರಿಶಿನ ಕುಂಕುಮಕ್ಕೆ ಎಂದು ಕೊಂಡು ಕೊಟ್ಟದ್ದು. ಮೊಮ್ಮಗನಿಗೆ ಹದಿನೆಂಟು ತುಂಬಿದ ವರ್ಷ ನಾನೇ ಹಟ ಮಾಡಿ ಶಿಡ್ಲಘಟ್ಟಕ್ಕೆ ಹೋಗಿ, ಹೆಬ್ಬೆಟ್ಟು ಒತ್ತಿ, ಅವನ ಹೆಸರಿಗೆ ಪಹಣಿ ಮಾಡಿಸಿದೆ. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಮೈಸೂರುಪಾಕು ಕೊಡಿಸಿದೆ. ನಾನು ಸತ್ತ ಮೇಲೆ ಯಾರೂ ತಕರಾರು ತೆಗೆಯಬಾರದು ಎಂಬ ಆಸೆ.

ಎರಡು ಸಾವಿರದ ಇಪ್ಪತ್ತೊಂದು. ಗಣೇಶನ ಹಬ್ಬ ಕಳೆದು ಒಂದು ವಾರ. ಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳು ಬಕಾಸುರನ ಹಾಗೆ ತಿನ್ನುತ್ತದೆ, ಮನೆಯವರಿಗೆ ಕೂರುವುದಕ್ಕೆ ಬಿಡುವಿಲ್ಲ. ರಮೇಶ್‌ಬಾಬು ಅದಕ್ಕೇ ರಜ ಹಾಕಿ ಬಂದಿದ್ದ. ಕೆರೆ ಆಚೆ ಯಾರೋ ಚೆಂಡುಹೂವಿನ ಸಾಲಿನ ಮಧ್ಯೆ ಗಾಂಜಾ ಬೆಳೆದಿದ್ದಾರೆ ಎಂದು ಪೊಲೀಸರು ಬಂದಿದ್ದರು. ಬಂದವರು ಅಕ್ಕಪಕ್ಕದ ಹೊಲವನ್ನೂ ನೋಡಿಕೊಂಡು ಹೋಗೋಣ ಎಂದು ನಮ್ಮ ತಿಪ್ಪೆ ಹತ್ತಿರ ಬಂದರು. ಬೆಳಿಗ್ಗೆ ಹತ್ತು ಗಂಟೆ.

"ಯಾರದ್ರೀ ಈ ಜಾಗ?" ಎಂದ ಎಸ್‌ಐ.

"ನಂದೇ ಕಣಪ್ಪ. ಗಿಡಾನೂ ನಂದೇ. ಹಸೂಗೆ ಇಟ್ಕೊಂಡಿದೀನಿ."

"ಹಸೂಗಂತೆ ಸಾರ್," ಎಂದು ಪೇದೆ ನಕ್ಕ. "ಹಸು ಸೇದ್ತದಂತೆ."

"ಸೇದಲ್ಲ ಕಣೋ, ಕುಡೀತದೆ. ನಿಮ್ಮನೇಲಿ ದನ ಇದ್ರೆ ನಿಮ್ಮಜ್ಜೀನ ಹೋಗ್ ಕೇಳು."

ಎಸ್‌ಐ ನಗಲಿಲ್ಲ. ಫೋನಿನಲ್ಲಿ ಪಹಣಿ ತೆಗೆಸಿ ನೋಡಿದ. "ರಮೇಶ್‌ಬಾಬು ಯಾರು?"

ಅವನು ಹುಳು ಮನೆಯಿಂದ ಹೊರಗೆ ಬಂದ, ಕೈಯಲ್ಲಿ ಸೊಪ್ಪಿನ ಕಂತೆ. "ನಾನೇ ಸಾರ್."

"ಸ್ವಾಮಿ, ಅವ್ನಿಗೇನೂ ಗೊತ್ತಿಲ್ಲ," ಎಂದೆ. "ನನ್ನ ಕರ್ಕೊಂಡೋಗಿ."

"ಎಪ್ಪತ್ತು ದಾಟಿದ ಮುದುಕೀನ ಜೀಪ್ ಹತ್ತಿಸಿದ್ರೆ ನಾಳೆ ಟೀವೀಲಿ ನನ್ ಮುಖ ಬರ್ತದಜ್ಜಿ. ಪಹಣಿ ಯಾರ ಹೆಸ್ರಲ್ಲಿದೆಯೋ ಅವ್ರೇ ಬರ್ಲಿ."

ಎರಡೂ ಗಿಡ ಬೇರು ಸಮೇತ ಕಿತ್ತರು. ಮಳೆ ಬಿದ್ದಿತ್ತು, ಬೇರಿಗೆ ನಮ್ಮ ತಿಪ್ಪೆ ಗೊಬ್ಬರ ಅಂಟಿಕೊಂಡಿತ್ತು. ಹಾಗೇ ತೂಗಿದರು. ಮೂರೂವರೆ ಕೆಜಿ ಗಾಂಜಾ ಎಂದು ಮಾರನೇ ದಿನ ಪೇಪರಿನಲ್ಲಿ ಬಂತು, ಅದರಲ್ಲಿ ಎರಡು ಕೆಜಿ ಗೊಬ್ಬರವೇ. ಗಿಡ ಹಿಡಿದುಕೊಂಡು ನಿಲ್ಲು ಎಂದು ಫೋಟೋ ತೆಗೆದರು. ಅವನು ಜೀಪಿಗೆ ಹತ್ತುವ ಮುಂಚೆ ನನ್ನನ್ನು ನೋಡಲಿಲ್ಲ. ಅವರಮ್ಮನಿಗೆ ಹೇಳಿದ, "ಅಮ್ಮ, ಹನ್ನೊಂದು ಗಂಟೆ ಸೊಪ್ಪು ಹಾಕೋದು ಮರೀಬೇಡ."

ಹದಿಮೂರು ದಿನ ಒಳಗಿದ್ದ. ಜಾಮೀನು ಕೊಡಿಸಿದ್ದು ವಕೀಲೆ ತನುಜ, ನಮ್ಮ ಕಡೆಯವಳೇ, ಚಿಕ್ಕ ವಯಸ್ಸು, ಜೋರು ಬಾಯಿ. ಅವಳು ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

"ಅಜ್ಜಿ, ಕೇಸು ಮುಗಿಯೋವರ್ಗೂ ಗಿಡ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರ್ಬಾರ್ದು. ಅಲ್ಲಿ ಗಿಡ ಇರ್ಲೇ ಇಲ್ಲ. ಗೊತ್ತಾಯ್ತಾ?"

"ಇತ್ತಲ್ಲಮ್ಮ?"

"ಇರ್ಲಿಲ್ಲ."

"ನಂದು ಅಂತ ನಾನೇ ಒಪ್ಕೊಂಡ್ರೆ ಅವನು ಬಿಡ್ಗಡೆ ಆಗಲ್ವಾ?"

"ಪಹಣಿ ಅವನ ಹೆಸ್ರಲ್ಲಿ, ಗಿಡ ನಿಮ್ದು ಅಂದ್ರೆ ಇಬ್ರೂ ಸಿಕ್ಕಾಕ್ಕೋತೀರ. ನಿಮ್ಮ ಬಾಯಿ ಮುಚ್ಕೊಂಡಿದ್ರೆ ಅವನಿಗೆ ಅದೇ ದೊಡ್ಡ ಉಪ್ಕಾರ."

ನಾನು ಬಾಯಿ ಮುಚ್ಚಿಕೊಂಡೆ. ನನ್ನಂಥ ವಾಚಾಳಿ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದಳು ಎಂದರೆ ಯಾರೂ ನಂಬುವುದಿಲ್ಲ. ಅಷ್ಟರಲ್ಲಿ ಊರಿನವರು ತಮಗೆ ಬೇಕಾದ ಕಥೆ ಕಟ್ಟಿಕೊಂಡರು. ಕಾಲೇಜಿಗೆ ಹೋಗಿ ಸೇದುವುದು ಕಲಿತ ಎಂದರು. ಹಾಲಿನ ಕ್ಯಾನಿನಲ್ಲಿಟ್ಟು ಮುರುಗಮಲ್ಲದ ಜಾತ್ರೆ ಬಸ್ಸಿನವರಿಗೆ ಮಾರುತ್ತಿದ್ದ ಎಂದೂ ಅಂದರು. ನಮ್ಮ ಹಾಲಿನ ಕ್ಯಾನು ನಮ್ಮೂರ ಡೇರಿ ದಾಟಿದ್ದೇ ಇಲ್ಲ.

ಡಿಪ್ಲೊಮಾ ಹೇಗೋ ಮುಗಿಸಿದ. ಒಳ್ಳೆಯ ಮಾರ್ಕ್ಸೇ ಬಂತು. ಚಿಕ್ಕಬಳ್ಳಾಪುರದ ಹತ್ತಿರ ಒಂದು ಖಾಸಗಿ ಹಾಲಿನ ಕಂಪನಿಗೆ ಹೋದ. ಹಸು ತೋರಿಸಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಸೋಮವಾರದಿಂದ ಬಾ ಎನ್ನಿಸಿಕೊಂಡು ಬಂದ. ಶನಿವಾರ ಫೋನು ಬಂತು. ವೆರಿಫಿಕೇಶನ್‌ನಲ್ಲಿ ಕೇಸು ತೋರಿಸುತ್ತಿದೆ, ಮುಗಿದ ಮೇಲೆ ನೋಡೋಣ. ಗೌರಿಬಿದನೂರಿನ ಒಂದು ಫ್ಯಾಕ್ಟರಿ ಗೇಟಿನ ಕೆಲಸಕ್ಕೂ ಅದೇ ಉತ್ತರ. ಕೊನೆಗೆ ಪೆರೇಸಂದ್ರದ ಹೈವೇಯಲ್ಲಿ ಹಿಂಡಿ, ಬೂಸ, ಗಿಡದ ಔಷಧಿ ಮಾರುವ ಅಂಗಡಿಯಲ್ಲಿ ನಿಂತ. ಅಲ್ಲಿ ಚೆನ್ನಾಗಿತ್ತು. ರೈತರು ಹಿಂಡಿ ಕೊಳ್ಳಲು ಬಂದು ಹಸುವಿನ ಕಾಯಿಲೆ ಹೇಳಿಕೊಳ್ಳುತ್ತಿದ್ದರು, ಇವನು ಮದ್ದು ಹೇಳಿ ಕಳಿಸುತ್ತಿದ್ದ. ಐದನೇ ತಿಂಗಳಲ್ಲಿ ಅಂಗಡಿಯವರು ಟೀ ತರಿಸಿಕೊಟ್ಟು ಮಾತಾಡಿದರಂತೆ. ಬಂದು ನನ್ನ ಮುಂದೆ ಅವರ ಹಾಗೇ ಆಡಿ ತೋರಿಸಿದ.

"ನಂಗೇನಿಲ್ಲ ಕಣಪ್ಪ ರಮೇಶ. ನಿನ್ನಂಥ ಹುಡ್ಗ ಸಿಗಲ್ಲ. ಆದ್ರೆ ಗಿಡದ ಔಷಧಿ ಅಂದ್ರೆ ವಿಷ, ನಂದು ವಿಷ ಮಾರೋ ಲೈಸೆನ್ಸು. ಇನ್ಸ್‌ಪೆಕ್ಷನ್‌ಗೆ ಬರೋರು ಕೆಲ್ಸದೋರ ಹೆಸ್ರೆಲ್ಲ ಬರ್ಕೊಂಡೋಗ್ತಾರೆ. ನಾಳೆ ಹೆಚ್ಚುಕಮ್ಮಿ ಆದ್ರೆ ಅಂಗ್ಡಿಗೇ ಬೀಗ."

"ನೀನೇನಂದೆ?" ಎಂದೆ.

"ಟೀ ಚೆನ್ನಾಗಿತ್ತು ಅಂದೆ."

ಮಾಲಾ ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದಳು. ಅವಳಿಗೆ ಅಳು ಬಂದರೆ ಪಾತ್ರೆ ತೊಳೆಯುತ್ತಾಳೆ, ತೊಳೆದ ಪಾತ್ರೆಯನ್ನೇ. ನನ್ನ ಮೇಲೆ ಅವಳು ಇವತ್ತಿನವರೆಗೆ ಒಂದು ಮಾತು ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಇಷ್ಟರ ಮಧ್ಯೆ ಊರಲ್ಲಿ ಯಾರ ಮನೆಯ ಹಸು ಈಯುವುದಕ್ಕೆ ಕಷ್ಟಪಟ್ಟರೂ ಇವನನ್ನೇ ಕರೆಯುತ್ತಿದ್ದರು. ಗಾಂಜಾ ಕೇಸಿನವನು ಎನ್ನುವ ಬಾಯಲ್ಲೇ ರಮೇಶಪ್ಪ ಬೇಗ ಬಾರಪ್ಪ ಎನ್ನುತ್ತಿದ್ದರು. ಇವನು ಹೋಗುತ್ತಿದ್ದ. ಹಸುವಿನ ಹೊಟ್ಟೆಯಲ್ಲಿ ಕೈ ಇಟ್ಟುಕೊಂಡಿರುವಷ್ಟು ಹೊತ್ತು ಅವನ ಮುಖ ಮೊದಲಿನ ಹಾಗೆ ಇರುತ್ತಿತ್ತು.

ಹೋದ ವರ್ಷ ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಬಿಡುಗಡೆ ಆಯಿತು. ಪಂಚನಾಮೆಗೆ ಸಾಕ್ಷಿ ಹಾಕಿದವನು ಖಾಲಿ ಕಾಗದಕ್ಕೆ ಸೈನು ಹಾಕಿದೆ ಎಂದ. ಲ್ಯಾಬಿಗೆ ಕಳಿಸಿದ ಪೊಟ್ಟಣದ ಸೀಲು ಸರಿಯಿರಲಿಲ್ಲವಂತೆ. ನಾವು ಊರಿಗೆಲ್ಲ ಲಾಡು ಹಂಚಿದೆವು. ತನುಜ ಮಾತ್ರ ಹೆಚ್ಚು ನಗಲಿಲ್ಲ.

"ಸಂಶಯದ ಲಾಭ ಕೊಟ್ಟು ಬಿಟ್ಟಿದಾರೆ ಅಜ್ಜಿ. ನಿರಪರಾಧಿ ಅಂತ ಒಂದು ಮಾತು ಬರೆದಿದ್ರೆ ಚೆನ್ನಾಗಿರ್ತಿತ್ತು."

"ಬಿಟ್ಟಿದಾರೆ ತಾನೇ?"

"ಬಿಟ್ಟಿದಾರೆ."

ಈ ವರ್ಷ ದನದ ಆಂಬುಲೆನ್ಸಿಗೆ ಜನ ಬೇಕು ಎಂದು ಕರೆದರು. ಊರೂರಿಗೆ ಬಂದು ದನ ನೋಡುವ ವ್ಯಾನು. ಡಾಕ್ಟರ ಜೊತೆ ಒಬ್ಬ ಡಿಪ್ಲೊಮಾ ಓದಿದವರು. ಗುತ್ತಿಗೆ ಕಂಪನಿಯ ಕೆಲಸ, ಆದರೂ ಅವನಿಗೆ ಬೇಕಾಗಿದ್ದೇ ಅದು. ನಮ್ಮ ಕಡೆಗೆ ಎರಡು ಜಾಗ. ಪಟ್ಟಿಯಲ್ಲಿ ಇವನು ಎರಡನೆಯವನು. ವೆಂಕಟರಾಮಪ್ಪ ಆ ಪಟ್ಟಿಯನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದ. ಆಮೇಲೆ ಒಂದು ಫಾರಂ ಬಂತು. ಅದರಲ್ಲಿ ಒಂದು ಪ್ರಶ್ನೆ. ಯಾವಾಗಲಾದರೂ ನಿಮ್ಮನ್ನು ಬಂಧಿಸಿದ್ದಾರೆಯೇ, ನಿಮ್ಮ ಮೇಲೆ ಕೇಸು ನಡೆದಿದೆಯೇ?

"ಇಲ್ಲ ಅಂತ ಬರಿ," ಎಂದ ನನ್ನ ಮಗ. "ಬಿಡ್ಗಡೆ ಆಗೋಯ್ತಲ್ಲ. ಅಳಿಸೋಯ್ತು."

"ಅಳ್ಸಲ್ಲಪ್ಪ ಅವ್ರು. ಕಂಪ್ಯೂಟ್ರಲ್ಲಿ ಇರ್ತದೆ."

"ಫಾರಂ ತುಂಬೋ ಅಂಗ್ಡಿಯೋನೂ ಅದೇ ಹೇಳ್ತಾನೆ ಕಣೋ, ಎಲ್ರೂ ಇಲ್ಲ ಅಂತಾನೇ ಹಾಕೋದಂತೆ."

"ಇಲ್ಲ ಅಂತ ಬರ್ದು ಆಮೇಲೆ ಸಿಕ್ಕಾಕ್ಕೊಂಡ್ರೆ ಸುಳ್ಳು ಹೇಳ್ದ ಅಂತ ಇನ್ನೊಂದು ಸೇರ್ತದೆ. ತನುಜಕ್ಕನೂ ಹೌದು ಅಂತ ಬರೆದು ಜಡ್ಜ್‌ಮೆಂಟ್ ಲಗತ್ತಿಸು ಅಂದ್ಳು."

ಹೌದು ಎಂದೇ ಬರೆದ. ಬರೆಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಓದು ಬಾರದಿದ್ದರೂ ಅವನು ಎಲ್ಲಿ ಪೆನ್ನು ನಿಲ್ಲಿಸಿದ ಎಂದು ಗೊತ್ತಾಯಿತು.

ಹದಿನೈದು ದಿನಕ್ಕೆ ಆ ಫಾರಂ ಪರಿಶೀಲನೆಗೆ ಎಂದು ಸ್ಟೇಷನ್ನಿಗೆ ಕರೆದರು. ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಕೇಸು ಮುಗಿದಿದೆ, ಇನ್ನು ನನ್ನ ಬಾಯಿಗೆ ಬೀಗ ಯಾಕೆ? ಶಿಡ್ಲಘಟ್ಟದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎಂದು ಸುಳ್ಳು ಹೇಳಿ ಬೈಕಿನ ಹಿಂದೆ ಕೂತೆ.

ಇನ್ಸ್‌ಪೆಕ್ಟರು ಹೊಸಬರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ನನಗೆ ಕುರ್ಚಿ ಕೊಡಿಸಿದರು. ಇವನ ಕಾಗದ ತಿರುವುತ್ತಿದ್ದರು. ನಾನು ಹೇಳಿಬಿಟ್ಟೆ.

"ಸ್ವಾಮಿ, ಆ ಗಿಡ ನಂದು. ನಮ್ಮತ್ತೆ ಹಾಕಿದ್ದು, ನಾನು ಬೆಳ್ಸಿದ್ದು. ಕಿತ್ತಾಕು ಕಿತ್ತಾಕು ಅಂತ ಇವನು ಬಡ್ಕೊಂಡ, ನಾನು ಕೀಳ್ಲಿಲ್ಲ. ಅದನ್ನ ಬರ್ಕೊಳ್ಳಿ."

ರಮೇಶ್‌ಬಾಬು, "ಅಜ್ಜಿ!" ಎಂದ.

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಅಜ್ಜಿ, ನಾನಿದನ್ನ ಕೇಳಿಸ್ಕೊಂಡಿಲ್ಲ. ಕೇಳಿಸ್ಕೊಂಡ್ರೆ ನಿಮ್ಮ ಮೇಲೆ ಬರೀಬೇಕಾಗ್ತದೆ."

"ಬರೀರಿ. ಎಂಬತ್ತಾಗ್ತಾ ಬಂತು, ನಂಗೇನು ಕೆಲ್ಸಕ್ಕೆ ಹೋಗ್ಬೇಕಾ?"

"ನಿಮ್ಮ ಮೇಲೆ ಬರೆದ್ರೂ ಇವ್ರದ್ದು ಹೋಗಲ್ಲಮ್ಮ." ಕಾಗದವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು, ನನಗೆ ಓದು ಬರುತ್ತದೆ ಎನ್ನುವ ಹಾಗೆ. "ಇಲ್ಲಿ ಕೇಸ್ ನಂಬರು. ಇಲ್ಲಿ ಏನಾಯ್ತು ಅಂತ. ನಾನು ಬರೆಯೋದು ಇವೆರಡೇ. ಗಿಡ ಯಾರ್ದು ಅಂತ ಕಾಲಂ ಇಲ್ಲ. ನಡತೆ ಒಳ್ಳೇದು ಅಂತ ಬೇಕಾದ್ರೆ ಕೆಳಗಡೆ ಸೇರಿಸ್ತೀನಿ."

ಸೇರಿಸಿದರು. ಟೀ ಕೊಟ್ಟು ಕಳಿಸಿದರು.

ಬರುವಾಗ ರಮೇಶ್‌ಬಾಬು ಜಂಗಮಕೋಟೆ ಕ್ರಾಸಿನಲ್ಲಿ ಬೈಕು ನಿಲ್ಲಿಸಿದ. ಹುಟ್ಟಿದಾಗಿನಿಂದ ನನ್ನ ಮೇಲೆ ದನಿ ಎತ್ತಿದವನಲ್ಲ.

"ಮೂರು ವರ್ಷ ಕೋರ್ಟಲ್ಲಿ ನಿಂತ್ಕೊಂಡು ಅಲ್ಲಿ ಗಿಡಾನೇ ಇರ್ಲಿಲ್ಲ ಅಂದಿದೀನಿ. ನೀನು ಎರಡೇ ನಿಮಿಷಕ್ಕೆ ಹೋಗಿ ನೆಟ್ಟು ಬಂದ್ಯಲ್ಲ ಅಜ್ಜಿ."

"ನಿಜ ಹೇಳ್ದೆ ಕಣೋ."

"ನಿಜ ನಿಂಗೊತ್ತು, ನಂಗೊತ್ತು. ಯಾರಿಗೆ ಬೇಕು ಅದು?"

"ನಿಂಗೆ ಕೆಲ್ಸ ಸಿಗ್ಲಿ ಅಂತ..."

"ಗೊತ್ತು ಕಣಜ್ಜಿ," ಎಂದು ತಣ್ಣಗಾದ. "ಸರಿಯಾಗ್ ಹಿಡ್ಕೊಂಡು ಕೂತ್ಕೋ. ರಸ್ತೆ ಗುಂಡಿ."

ಇನ್ನೊಂದು ವಾರಕ್ಕೆ ಫೋನಿಗೆ ಮೆಸೇಜು ಬಂತು. ಓದಿ ಹೇಳು ಎಂದೆ. ನಾಲ್ಕೇ ಸಾಲು. ಪರಿಶೀಲನೆ ವರದಿಯ ಕಾರಣ ನಿಮ್ಮನ್ನು ಪರಿಗಣಿಸಲು ಆಗುವುದಿಲ್ಲ. ಪಟ್ಟಿಯಲ್ಲಿ ಮೂರನೆಯವರಿಗೆ ಕೆಲಸ ಹೋಯಿತು.

ಆಗ ಬಂದವರು ಕಲಂದರ್ ಸಾಬರು. ಶಿಡ್ಲಘಟ್ಟದಲ್ಲಿ ಅವರದ್ದು ರೀಲಿಂಗು, ಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆ. ಮೂವತ್ತು ವರ್ಷದಿಂದ ಮಾರ್ಕೆಟ್ಟಿನಲ್ಲಿ ನಮ್ಮ ಗೂಡು ಕಂಡರೆ ಬಿಡುವವರಲ್ಲ. ಅವರಿಗೆ ಎಲ್ಲ ಗೊತ್ತಿತ್ತು.

"ನಮ್ಮತ್ರ ಫಾರಂ ಇಲ್ಲ ಅಮ್ಮಾಜಿ. ಬೆಳಿಗ್ಗೆ ಏಳೂವರೆಗೆ ಬರ್ಬೇಕು, ಬಿಸಿನೀರಲ್ಲಿ ಕೈ ಹಾಕ್ಬೇಕು, ಎಳೆ ಹುಡುಕ್ಬೇಕು. ಅಷ್ಟೇ." ಆಮೇಲೆ ತಲೆ ಕೆರೆದುಕೊಂಡರು. "ದನದ ಕೈ ಅವನ್ದು. ಇದಕ್ಕೆ ಹಾಕ್ತಾ ಇದೀನಿ. ಕ್ಯಾ ಕರ್ನಾ."

ಸೋಮವಾರದಿಂದ ಹೋದ. ರೀಲಿಂಗಿನವರ ಬೆರಳು ಬಿಸಿನೀರಲ್ಲಿ ಬೆಂದು ಬೆಳ್ಳಗಾಗಿ ಸುಲಿಯುತ್ತದೆ. ಸಂಜೆ ಬಂದು, ಹಸುವಿನ ಮೊಲೆ ಒಡೆದರೆ ಹಚ್ಚುವ ಮುಲಾಮನ್ನೇ ತನ್ನ ಬೆರಳಿಗೆ ಹಚ್ಚಿಕೊಳ್ಳುತ್ತಾನೆ.

ಒಂದು ದಿನ ಬೆಳಿಗ್ಗೆ ನಾನೇ ಹಾಲು ಹಾಕುವುದಕ್ಕೆ ಡೇರಿಗೆ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ಗಂಗುಲಮ್ಮ. ನಮ್ಮ ಗೋಡೆ ಆಚೆಯ ಮನೆ ಅವಳದು. ಬಾಗೇಪಲ್ಲಿ ಕಡೆಯ ತವರು, ಬಾಯಲ್ಲಿ ಅರ್ಧ ತೆಲುಗು.

"ಏಮಕ್ಕಾ, ನಿನ್ ಮೊಮ್ಮಗ ರೀಲಿಂಗಿಗೆ ಹೋಗ್ತಾವ್ನಂತೆ? ಪಾಪಂ, ಅಷ್ಟು ಓದಿ. ಆ ಚಟ ಒಂದು ಇಲ್ದಿದ್ರೆ ಎಲ್ಲೋ ಇರ್ತಿದ್ದ."

ಮೂರು ವರ್ಷ ನುಂಗಿದ್ದು ಅಷ್ಟೂ ಬಾಯಿಗೆ ಬಂತು.

"ಚಟ ಯಾರಿಗೇ? ಗಿಡ ನಂದು! ದನಕ್ಕೆ ಅಂತ ನಾನಿಟ್ಟಿದ್ದು. ನಿನ್ ಕಪ್ಪು ಹಸು ಬೇದಿಗೆ ಬಿದ್ದಾಗ ಸೆರಗು ಒಡ್ಡಿ ಎರಡು ಹಿಡಿ ಈಸ್ಕೊಂಡೋಗ್ಲಿಲ್ವ? ಯಾರ್ ಗಿಡದ್ದು ಅದು?"

ಸಾಲಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಅದರಲ್ಲಿ ನಾಲ್ಕು ಜನವಾದರೂ ನನ್ನ ತಿಪ್ಪೆಗೆ ಬಂದು ಸೊಪ್ಪು ಕೇಳಿದವರೇ. ಯಾರಾದರೂ ಹೌದು ಎನ್ನುತ್ತಾರೇನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ಅವರವರ ಕ್ಯಾನು ನೋಡಿಕೊಂಡರು.

"ನಂಗ್ ನೆನಪಿಲ್ಲಕ್ಕಾ," ಎಂದಳು ಗಂಗುಲಮ್ಮ. ಮುಖ ಬೆಳ್ಳಗಾಗಿತ್ತು. "ನನ್ ಹೆಸ್ರು ಇದ್ರಲ್ಲಿ ತರ್ಬೇಡ. ನನ್ ಮಗ್ಳಿಗೆ ಪೊಲೀಸು ಪರೀಕ್ಷೆ ಐತೆ."

ಹಿಂದೆ ಯಾರೋ, "ವಯಸ್ಸಾಯ್ತಲ್ಲ, ಮೊಮ್ಮಗನ್ನ ಉಳ್ಸೋಕೆ ಏನೋ ಹೇಳ್ತಾರೆ," ಎಂದರು.

ಸಂಜೆಯೊಳಗೆ ರಮೇಶ್‌ಬಾಬುಗೆ ಸುದ್ದಿ ಮುಟ್ಟಿತ್ತು. ಮುಲಾಮು ಹಚ್ಚಿಕೊಳ್ಳುತ್ತಾ ಕೂತಿದ್ದ.

"ಅಜ್ಜಿ, ಅವ್ರ ಕಪ್ಪು ಹಸು ಈ ವಾರ ಈಯ್ತದೆ. ಕರು ದೊಡ್ಡದೈತೆ. ಜಗಳ ಮಾಡ್ಕೊಂಡ್ರೆ ನನ್ನ ಕರಿಯಲ್ಲ."

"ಕರೀದಿದ್ರೆ ಬಿಡು."

"ನಂಗೆ ಉಳ್ದಿರೋದು ಅದೊಂದೇ ಕಣಜ್ಜಿ," ಎಂದ.

 ಕೆಲಸ ಹೋದದ್ದಕ್ಕೂ ನಾನೇ ಕಾರಣ, ಈಗ ಇದಕ್ಕೂ.

ಅವನು ಹೇಳಿದ ಹಾಗೇ ಆಯಿತು. ಗುರುವಾರ ಬೆಳಿಗ್ಗೆ ಆರು ಗಂಟೆಗೆ ಗೋಡೆ ಆಚೆ ಹಸು ನರಳುವುದು ಕೇಳಿಸಿತು. ಗಂಗುಲಮ್ಮ ಕರೆಯಲಿಲ್ಲ, ಆಂಬುಲೆನ್ಸಿಗೆ ಫೋನು ಮಾಡಿದ್ದಳು. ಬಿಳಿ ವ್ಯಾನು ಬಂತು. ಅದರಿಂದ ಇಳಿದದ್ದು ಚಿಂತಾಮಣಿ ಕಡೆಯ ಹುಡುಗಿ, ಇಫ್ರಾ ಎಂದು ಹೆಸರು. ಪಟ್ಟಿಯಲ್ಲಿ ಮೂರನೆಯವಳು. ಡಾಕ್ಟರು ಇನ್ನೊಂದು ಊರಿನಿಂದ ಬರಬೇಕಾಗಿತ್ತು. ಹುಡುಗಿ ಒಬ್ಬಳೇ ಮೊಣಕೈವರೆಗೆ ಗ್ಲೌಸು ಹಾಕಿಕೊಂಡಳು.

ರಮೇಶ್‌ಬಾಬು ಬಸ್ಸಿಗೆ ಹೊರಟಿದ್ದವನು, ಊಟದ ಬ್ಯಾಗು ಹೆಗಲಲ್ಲೇ ಇತ್ತು, ಗೋಡೆ ಈಚೆ ನಿಂತುಬಿಟ್ಟ.

"ಹೋಗೋ," ಎಂದೆ.

"ಕರೀಲಿಲ್ಲ."

ಹಸು ಮತ್ತೆ ಕೂಗಿತು. ಆಚೆ ಯಾರೋ ಹಗ್ಗ ಹಾಕಿ ಎಳೀರಿ ಎಂದರು. ಆಗ ಇವನು ಗೋಡೆ ಮೇಲಿಂದ ಕತ್ತು ಹಾಕಿದ.

"ಮೇಡಂ, ಎಳೀಬೇಡಿ. ಮುಂಗಾಲು ಎರಡೂ ಸಿಕ್ತಾ?"

"ಒಂದೇ ಸಿಗ್ತಿದೆ," ಎಂದಳು ಹುಡುಗಿ.

"ಇನ್ನೊಂದು ಒಳಗೆ ಮಡಚ್ಕೊಂಡಿರ್ತದೆ. ಮೊದ್ಲು ಕರೂನ ನಿಧಾನಕ್ಕೆ ಒಳಕ್ಕೆ ತಳ್ಳಿ. ಜಾಗ ಆಗ್ತದೆ. ಗೊರಸು ಸಿಕ್ಕಿದ್ ತಕ್ಷಣ ಅಂಗೈಯಲ್ಲಿ ಮುಚ್ಕೊಳ್ಳಿ, ಇಲ್ದಿದ್ರೆ ಗರ್ಭಚೀಲ ಹರೀತದೆ. ಹಸು ತಿಣುಕಿದಾಗ ಸುಮ್ನಿರಿ. ಬಿಟ್ಟಾಗ ಎತ್ತಿ."

ಅರ್ಧ ಗಂಟೆ ಹಾಗೇ ಗೋಡೆ ಈಚೆ ನಿಂತು ಹೇಳುತ್ತಾ ಹೋದ, ಅವಳು ಮಾಡುತ್ತಾ ಹೋದಳು. ಇವನ ಕೈ ಗೋಡೆ ಈಚೆ ಗಾಳಿಯಲ್ಲೇ ಆಡುತ್ತಿತ್ತು. ಕರು ಬಿತ್ತು. ಹೆಣ್ಣು, ಹಣೆ ಮೇಲೆ ಬಿಳಿ. ಉಸಿರಾಡಿತು. ಹುಡುಗಿ ತೋಳೆಲ್ಲ ಒದ್ದೆ ಮಾಡಿಕೊಂಡು ಗೋಡೆ ಹತ್ತಿರ ಬಂದಳು, ನಗುತ್ತಾ, ಕಣ್ಣಲ್ಲಿ ನೀರು.

"ಥ್ಯಾಂಕ್ಸ್ ಅಣ್ಣ. ನೀವು ಯಾವ ಆಸ್ಪತ್ರೆ?"

"ಆಸ್ಪತ್ರೆ ಅಲ್ಲಮ್ಮ. ಶಿಡ್ಲಘಟ್ಟದಲ್ಲಿ ರೀಲಿಂಗು," ಎಂದ ಇವನು.

ಆರೂವರೆ ಬಸ್ಸು ಹೊರಟುಹೋಗಿತ್ತು. ನಡೆದುಕೊಂಡೇ ಕ್ರಾಸಿನ ಕಡೆ ಹೋದ.

ಸಂಜೆ ಗಂಗುಲಮ್ಮ ಗಿಣ್ಣುಹಾಲು ಕಳಿಸಿದಳು. ತಾನು ಬರಲಿಲ್ಲ, ಮಗಳ ಕೈಲಿ ಕಳಿಸಿದಳು. ಮಾಲಾ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದಳು. ರಮೇಶ್‌ಬಾಬು ಎರಡು ಸಲ ಹಾಕಿಸಿಕೊಂಡು ತಿಂದ, ಚೆನ್ನಾಗಿದೆ ಎಂದ. ನನ್ನ ತಟ್ಟೆಗೂ ಒಂದು ತುಂಡು ಇಟ್ಟ. ನಾನು ಅದನ್ನು ಎತ್ತಿ ಅವನ ತಟ್ಟೆಗೇ ಹಾಕಿದೆ.